ಲೆಕ್ಕ ಚುಕ್ತಾ ಅನ್ನುವ ಕಾಗದ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ನಾನು 19 ವರ್ಷ ಕೆಲಸ ಮಾಡಿದೆ. ಹಾಜರಿ, ಓ.ಟಿ., ಪಿ.ಎಫ್., ಇ.ಎಸ್.ಐ., ಬೋನಸ್ಸು, ಕೊನೆಗೆ ಕೆಲಸ ಬಿಟ್ಟವರ ಲೆಕ್ಕ ಚುಕ್ತಾ, ಎಲ್ಲವೂ ನನ್ನ ಮೇಜಿನ ಮೇಲೇ ಆಗುತ್ತಿತ್ತು. 2022ರ ನವೆಂಬರಿನ ಒಂದು ಶುಕ್ರವಾರ ಒಂಬತ್ತು ಹೆಸರಿನ ಪಟ್ಟಿ ನನ್ನ ಕೈಗೆ ಬಂತು. ಒಂಬತ್ತು ಪತ್ರ ಟೈಪ್ ಮಾಡಬೇಕಿತ್ತು. ಒಕ್ಕಣೆ ಒಂದೇ, ಹೆಸರು, ಟೋಕನ್ ನಂಬರು, ಮೊತ್ತ ಮಾತ್ರ ಬೇರೆ ಬೇರೆ. ವೈಯಕ್ತಿಕ ಕಾರಣಗಳಿಂದ ನಾನಾಗಿಯೇ ರಾಜೀನಾಮೆ ಕೊಡುತ್ತಿದ್ದೇನೆ, ನನಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಮುಂದೆ ಕಂಪನಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂದು ಅದರ ತಾತ್ಪರ್ಯ. ಪತ್ರ ಇಂಗ್ಲಿಷಿನಲ್ಲಿತ್ತು. ಆ ಒಂಬತ್ತು ಜನರಲ್ಲಿ ಏಳು ಮಂದಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆದರು. ಮೂರನೆಯವರು ಶಿರಾ ಕಡೆಯ ಒಬ್ಬ ಟರ್ನರ್, 14 ವರ್ಷದ ಸರ್ವೀಸು. ಲೇತಿನ ಮುಂದಿನಿಂದ ನೇರ ಬಂದಿದ್ದರು. ಪೆನ್ನು ಕೊಟ್ಟಾಗ ಕಾಗದ ಕೊಳೆಯಾದೀತೆಂದು ಜೇಬಿನಿಂದ ಬನಿಯನ್ ವೇಸ್ಟ್ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ಇದರಲ್ಲಿ ಏನು ಬರೆದಿದೆ?” ಅಂದರು. ಎಚ್.ಆರ್. ಮ್ಯಾನೇಜರು ಎದುರಿಗಿದ್ದರು. “ನಿಮ್ಮ ದುಡ್ಡಿನ ವಿಷಯ ಅಣ್ಣಾ,” ಅಂದೆ. ಅವರು ಕನ್ನಡದಲ್ಲಿ ಸಹಿ ಹಾಕಿದರು. ಒಂದೂವರೆ ಗಂಟೆಯೊಳಗೆ ಒಂಬತ್ತೂ ಜನರ ಸಹಿ ಮುಗಿದಿತ್ತು.

ಆ ಟರ್ನರ್ ಚೆಕ್ಕಿನಲ್ಲಿದ್ದ ಮೊತ್ತ 1,75,000 ರೂಪಾಯಿ. ಒಟ್ಟಿಗೆ ನೋಡಿದರೆ ದೊಡ್ಡ ದುಡ್ಡೇ. ಬಿಡಿಸಿ ನೋಡೋಣ. ಅವರ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,800. ಗ್ರಾಚ್ಯುಟಿಗೆ ತಿಂಗಳಿಗೆ 26 ದಿನವೆಂದು ಹಿಡಿದರೆ ದಿನಕ್ಕೆ 800 ರೂಪಾಯಿ. ವರ್ಷಕ್ಕೆ 15 ದಿನದಂತೆ 14 ವರ್ಷಕ್ಕೆ 1,68,000. ಇದು ರಾಜೀನಾಮೆ ಕೊಟ್ಟರೂ ಸಿಗುವ ಹಣ, ಯಾರ ಔದಾರ್ಯವೂ ಅಲ್ಲ. ಕೆಲಸ ಇಲ್ಲವೆಂದು ಮಾಲೀಕರೇ ತೆಗೆದರೆ ಅದರ ಮೇಲೆ ಇನ್ನೆರಡು ಸೇರಬೇಕು: ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ 1,45,600, ಒಂದು ತಿಂಗಳ ನೋಟಿಸಿನ ಬದಲು 20,800. ಒಟ್ಟು 3,34,400. ರಜೆಯ ದುಡ್ಡು, ಬೋನಸ್ಸು ಬೇರೆ. ಅಂದರೆ ಹದಿನಾಲ್ಕು ವರ್ಷದ ಕೆಲಸ ಕಳೆದುಕೊಂಡದ್ದಕ್ಕೆ ಆ ಟರ್ನರಿಗೆ ಸಿಕ್ಕಿದ್ದು ಗ್ರಾಚ್ಯುಟಿಯ ಮೇಲೆ ಬರೀ 7,000 ರೂಪಾಯಿ. ಈ ಲೆಕ್ಕ ನನಗೆ ಆ ಶುಕ್ರವಾರವೇ ಗೊತ್ತಿತ್ತು. ಹೇಳಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಎಲ್ಲ ವ್ಯತ್ಯಾಸ ಇರುವುದು ಒಂದು ಪದದಲ್ಲಿ. 1947ರ ಕೈಗಾರಿಕಾ ವಿವಾದ ಕಾಯ್ದೆ, ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕನನ್ನು ತೆಗೆಯುವ ಮುಂಚೆ ಕಾರಣ ಬರೆದ ನೋಟಿಸು, ಪರಿಹಾರ, ಸರ್ಕಾರಕ್ಕೆ ತಿಳಿವಳಿಕೆ ಮೂರನ್ನೂ ಕೇಳುತ್ತಿತ್ತು. ಅದೇ ಕೆಲಸ ಮಾಡುವವರಲ್ಲಿ ಕೊನೆಗೆ ಸೇರಿದವನು ಮೊದಲು ಹೊರಗೆ ಹೋಗಬೇಕು, ಮತ್ತೆ ಜನ ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕು ಎಂಬ ನಿಯಮವೂ ಇತ್ತು. ಆದರೆ ತಾನಾಗಿಯೇ ಬಿಟ್ಟವನಿಗೆ ಇದೊಂದೂ ಅನ್ವಯಿಸುವುದಿಲ್ಲ. ಆದ್ದರಿಂದಲೇ ತೆಗೆದುಹಾಕಿದೆವು ಎಂದು ಯಾವ ಕಂಪನಿಯೂ ಬರೆದುಕೊಡಲು ಇಷ್ಟಪಡುವುದಿಲ್ಲ, ರಾಜೀನಾಮೆ ಬರೆಸಿಕೊಳ್ಳುತ್ತದೆ. ಐ.ಟಿ. ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುವಾಗ ನಮ್ಮ ರಾಜ್ಯ ಸರ್ಕಾರ, ವಜಾ ಮಾಡಿದ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂದು ಷರತ್ತು ಹಾಕಿತ್ತು. ರಾಜೀನಾಮೆ ಅಂದುಬಿಟ್ಟರೆ ತಿಳಿಸುವ ಪ್ರಶ್ನೆಯೇ ಇಲ್ಲ. ಪೀಣ್ಯದಲ್ಲಿ ಕ್ಯಾಬಿನ್ನಿಗೆ ಕರೆಯುತ್ತಾರೆ, ವೈಟ್‌ಫೀಲ್ಡಿನಲ್ಲಿ ಮೀಟಿಂಗ್ ರೂಮಿಗೆ ಕರೆಯುತ್ತಾರೆ. ಕಾಗದ ಒಂದೇ.

ಬಲವಂತದಿಂದ ಪಡೆದ ಒಪ್ಪಿಗೆಯನ್ನು ರದ್ದು ಮಾಡಿಸಬಹುದು ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ ನಿಜ. ಬಲವಂತ ನಡೆಯಿತೆಂದು ತೋರಿಸಬೇಕಾದವನು ಮಾತ್ರ ಕಾರ್ಮಿಕ. ಬಾಗಿಲು ಹಾಕಿದ ಕ್ಯಾಬಿನ್ನಿನಲ್ಲಿ ಅವನಿಗೆ ಸಾಕ್ಷಿ ಯಾರು? ನಾನಿದ್ದೆ. ನಾನು ಸಂಬಳದವನು.

2024ರ ಜೂನ್‌ನಲ್ಲಿ ನನ್ನ ಸರದಿ ಬಂತು. ಸಂಬಳದ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟರು. ನಾನೇ ಟೈಪ್ ಮಾಡಿದ್ದ ಒಕ್ಕಣೆ ನನ್ನ ಹೆಸರು ಹೊತ್ತು ಮೇಜಿನ ಮೇಲಿತ್ತು. ಮನೆಗೆ ಒಯ್ದು ಓದಿ ಹೇಳುತ್ತೇನೆ ಅಂದೆ. ಈಗಲೇ ಸಹಿ ಹಾಕದಿದ್ದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ ಅಂದರು. ಹಾಕಲಿಲ್ಲ. ರಾಜೀನಾಮೆ ಕೊಡುವ ಇಚ್ಛೆ ನನಗಿಲ್ಲ, ತೆಗೆಯುವುದಾದರೆ ಕಾರಣ ಬರೆದು ತೆಗೆಯಿರಿ ಎಂದು ನಾಲ್ಕನೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿ ಅರ್ಜಿ ಕೊಟ್ಟೆ.

ರಾಜಿ ಸಂಧಾನದಲ್ಲಿ ಕಂಪನಿಯವರ ವಾದ ಒಂದೇ: ಇವರು ಸೀನಿಯರ್ ಎಕ್ಸಿಕ್ಯುಟಿವ್, ಕಾರ್ಮಿಕರಲ್ಲ. ಅಧಿಕಾರಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು? ಯಾರಿಗಾದರೂ ರಜೆ ಮಂಜೂರು ಮಾಡುವ ಅಧಿಕಾರ ನಿಮಗಿತ್ತೇ? ಯಾರೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡಿದ ಕೆಲಸವನ್ನು. ಗುಮಾಸ್ತಿಕೆಯೂ ಕಾರ್ಮಿಕನ ಕೆಲಸವೇ. ಐದು ತಿಂಗಳು ಅಲೆದೆ, ಮನೆಯಲ್ಲಿ ಕೈ ಬಿಗಿಯಾಯಿತು. ಕೊನೆಗೆ ಅಧಿಕಾರಿಯ ಮುಂದೆ ಬಾಬುವಾರು ಲೆಕ್ಕ ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ನೋಟಿಸಿನ ಹಣ, 19 ವರ್ಷದ ಪರಿಹಾರ, ಗ್ರಾಚ್ಯುಟಿ, ರಜೆ, ಒಂದೂ ಬಿಡದೆ ಬಂತು. ಅದೂ ಒಪ್ಪಂದವೇ. ನಾನು ಒಪ್ಪಂದದ ವಿರೋಧಿಯಲ್ಲ. ಆರ್ಡರು ನಿಂತಾಗ ಸಣ್ಣ ಕಾರ್ಖಾನೆಯ ಮಾಲೀಕ ರಾತ್ರಿ ನಿದ್ದೆ ಮಾಡುವುದಿಲ್ಲ, ಅದನ್ನೂ ಹತ್ತಿರದಿಂದ ಕಂಡಿದ್ದೇನೆ. ಕೈಯಲ್ಲಿ ಹಣವಿಲ್ಲದಿದ್ದರೆ ಕಂತಿನಲ್ಲಿ ಕೊಡುತ್ತೇನೆಂದು ಅಧಿಕಾರಿಯ ಮುಂದೆ ಬರೆದುಕೊಡಲಿ. ಆ ಕಾಗದ ಅವರಿಗೂ ಗಟ್ಟಿ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿದ್ದಾಳೆ. ಕಳೆದ ವರ್ಷ ಅವಳ ಸಾಫ್ಟ್‌ವೇರ್ ಕಂಪನಿಯಲ್ಲೂ ಜನರನ್ನು ಕಡಿಮೆ ಮಾಡಿದರು. ಫೋನಿನಲ್ಲಿ ಅವಳು ಹೇಳಿದ್ದು ಕೇಳಿ ನನಗೆ ನಂಬಲಾಗಲಿಲ್ಲ: “ಮಾಮಾ, ನಾನು ವಕೀಲರ ಹತ್ತಿರ ಹೋಗದೆ ಸಹಿ ಹಾಕಿದರೆ ಆ ಕಾಗದ ನಡೆಯೋದೇ ಇಲ್ವಂತೆ. ವಕೀಲರ ಫೀಸೂ ಕಂಪನಿಯೇ ಕೊಡ್ತಿದೆ.” ವಿಚಾರಿಸಿ ನೋಡಿದೆ, ನಿಜ. ಅಲ್ಲಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ ಪ್ರಕಾರ, ಇನ್ನು ದಾವೆ ಹೂಡುವುದಿಲ್ಲ ಎಂದು ನೌಕರ ಬರೆದುಕೊಡುವ ಸೆಟ್ಲ್‌ಮೆಂಟ್ ಒಪ್ಪಂದಕ್ಕೆ ಬೆಲೆ ಬರಬೇಕಾದರೆ, ಕಂಪನಿಗೆ ಸಂಬಂಧಪಡದ ಸಲಹೆಗಾರರೊಬ್ಬರು ಅವನಿಗೆ ಅದರ ಅರ್ಥವನ್ನೂ ಪರಿಣಾಮವನ್ನೂ ತಿಳಿಸಿರಬೇಕು. ಫೀಸು ಕೊಡಲೇಬೇಕೆಂದು ಕಾನೂನು ಹೇಳದಿದ್ದರೂ ಕಂಪನಿಗಳು ಕೊಡುವುದು ಅಲ್ಲಿ ರೂಢಿ. ಯೋಚಿಸಲು ಕನಿಷ್ಠ 10 ದಿನ ಕೊಡಬೇಕೆಂದು ಅಲ್ಲಿನ ಸಂಧಾನ ಸಂಸ್ಥೆ ಏಕಾಸ್‌ನ ಸಂಹಿತೆ ಹೇಳುತ್ತದೆ. ನಮ್ಮ ಟರ್ನರಿಗೆ ಸಿಕ್ಕಿದ್ದು ಹತ್ತು ನಿಮಿಷ.

2025ರ ನವೆಂಬರ್ 21ರಿಂದ ನಮ್ಮಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆಯಲ್ಲಿ ಜನರನ್ನು ತೆಗೆಯುವ ಮುಂಚೆ ಸರ್ಕಾರದ ಅನುಮತಿ ಬೇಕೆಂಬ ನಿಯಮ 100 ಕಾರ್ಮಿಕರಿದ್ದಲ್ಲಿಂದ 300ಕ್ಕೆ ಏರಿದೆ. ಇದು ಕಾರ್ಮಿಕರಿಗೆ ನಷ್ಟ. ವಿವಾದ ಎತ್ತಲು ಮೂರು ವರ್ಷವಿದ್ದ ಗಡುವು ಎರಡಕ್ಕೆ ಇಳಿದಿದೆ. ಲಾಭವೂ ಇದೆ. ಕೆಲಸ ಹೋದವರ ಸಂಬಳ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ತೆಗೆದುಹಾಕಿದ ಕಾರ್ಮಿಕನ ಖಾತೆಗೆ ಮರುಕೌಶಲ ನಿಧಿಯಿಂದ 15 ದಿನದ ಸಂಬಳ 45 ದಿನದೊಳಗೆ ಬರಬೇಕು. ಆದರೆ ರಾಜೀನಾಮೆ ಕಾಗದಕ್ಕೆ ಸಹಿ ಹಾಕಿದವನಿಗೆ ಆ ನಿಧಿಯೂ ಇಲ್ಲ. ಹಳೆಯ ಕಾಯ್ದೆಯಲ್ಲಿದ್ದ ಕಿಂಡಿ ಹೊಸದರಲ್ಲೂ ಹಾಗೇ ಉಳಿದಿದೆ.

ಅದನ್ನು ಮುಚ್ಚಲು ರಾಜ್ಯ ಸರ್ಕಾರ ಮುಂದಾಗಬೇಕು. ಹಣ ಕೊಟ್ಟು ರಾಜೀನಾಮೆ ಪಡೆಯುವ ಯಾವ ಪತ್ರವೂ ಕನ್ನಡದಲ್ಲಿರಬೇಕು, ಬಾಬುವಾರು ಲೆಕ್ಕ ಅದರಲ್ಲೇ ಇರಬೇಕು. ಹತ್ತು ದಿನ ಕಳೆದ ಮೇಲೆ, ಕಾರ್ಮಿಕ ಅಧಿಕಾರಿಯ ಅಥವಾ ಕಾರ್ಮಿಕ ತಾನೇ ಆರಿಸಿಕೊಂಡ ವಕೀಲರ ಎದುರು ಸಹಿಯಾದರೆ ಮಾತ್ರ ಅದು ನಡೆಯಬೇಕು. ವಕೀಲರಿಗೆ ದುಡ್ಡೆಲ್ಲಿ ಎಂದು ಕೇಳಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕನಿಗೆ ಉಚಿತ ನೆರವಿನ ಹಕ್ಕಿದೆ, ಅದಕ್ಕೆ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100.

ಕಳೆದ ದೀಪಾವಳಿಗೆ ಆ ಟರ್ನರ್ ಮನೆಗೆ ಹೋಗಿದ್ದೆ. ಈಗ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸ, ರಾತ್ರಿ ಪಾಳಿ. 3,34,400ರ ಲೆಕ್ಕವನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಎರಡು ಸಲ ಓದಿದರು. “ಅವತ್ತೇ ಒಂದು ಮಾತು ಹೇಳಬಾರದಿತ್ತಾ ಸಾರ್,” ಅಂದರು.

ನಿಮ್ಮ ಮುಂದೆ ಅಂಥ ಕಾಗದ ಬಂದರೆ ಪೆನ್ನು ಕೆಳಗಿಡಿ. ಒಂದು ಪ್ರತಿ ಮನೆಗೆ ತನ್ನಿ, ಗೊತ್ತಿರುವವರಿಗೆ ತೋರಿಸಿ. ಸಂಬಳ ವಿಭಾಗದಲ್ಲಿ ಕೂತವರಿಗೆ ನನ್ನ ಬೇಡಿಕೆ ಇಷ್ಟೇ: ಸಹಿ ಹಾಕಬೇಕಾದವರು ಏನು ಬರೆದಿದೆ ಎಂದು ಕೇಳಿದಾಗ ಓದಿ ಹೇಳಿ.