ಚಾಮರಾಜನಗರ ಆಕ್ಸಿಜನ್ ದುರಂತ: 3, 24, 36 – ಯಾವ ಲೆಕ್ಕ ಸರಿ? ಹೊಣೆ ಯಾರದು?

ಮೇ ತಿಂಗಳು ಬಂತೆಂದರೆ ಚಾಮರಾಜನಗರದ ಆಕ್ಸಿಜನ್ ದುರಂತದ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಮತ್ತೆ ಓಡಾಡತೊಡಗುತ್ತವೆ. ಒಂದರಲ್ಲಿ ಸತ್ತವರು 3 ಮಂದಿ, ಇನ್ನೊಂದರಲ್ಲಿ 24, ಮತ್ತೊಂದರಲ್ಲಿ 36. ಮೈಸೂರು ಜಿಲ್ಲಾಧಿಕಾರಿ ಆಕ್ಸಿಜನ್ ತಡೆದರು ಎಂದು ಒಂದು ಹೇಳಿದರೆ, ಆಕ್ಸಿಜನ್ ಕೊರತೆಯಿಂದ ದೇಶದಲ್ಲಿ ಯಾರೂ ಸತ್ತೇ ಇಲ್ಲ, ಸಂಸತ್ತಿನಲ್ಲೇ ಹಾಗೆ ಹೇಳಿದ್ದಾರೆ ಎಂದು ಇನ್ನೊಂದು ವಾದಿಸುತ್ತದೆ. ಯಾವುದನ್ನು ನಂಬುವುದು?

ಕುದೇರು, ಸಂತೇಮರಹಳ್ಳಿ, ಗುಂಡ್ಲುಪೇಟೆ ಕಡೆಯವರಿಗೆ ಇದು ದೂರದ ಊರಿನ ಹಳೆಯ ಸುದ್ದಿಯಲ್ಲ. ಊರಿನ ಆರೋಗ್ಯ ಕೇಂದ್ರದ ಕೈಮೀರಿದ ರೋಗಿಯನ್ನು ಇವತ್ತಿಗೂ ಕರೆದೊಯ್ಯುವುದು ಅದೇ ಜಿಲ್ಲಾಸ್ಪತ್ರೆಗೆ. ಅಲ್ಲೂ ಆಗದಿದ್ದರೆ ಮೈಸೂರಿಗೆ. ಹಾಗಾಗಿ ಅಂದು ಏನಾಯಿತು, ಯಾರು ಏನು ಹೇಳಿದರು ಎಂಬುದನ್ನು ಒಂದೊಂದಾಗಿ ನೋಡೋಣ.

ಅಂದು ಆದದ್ದೇನು?

2021ರ ಮೇ 2ರ ರಾತ್ರಿ. ಕೋವಿಡ್‌ನ ಎರಡನೇ ಅಲೆ ಜೋರಾಗಿತ್ತು. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರುಗಳು ಖಾಲಿಯಾದವು. ತುಂಬಿದ ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು, ಬರುವುದು ತಡವಾಯಿತು. ಮೇ 3ರ ಹೊತ್ತಿಗೆ, 24 ಗಂಟೆಗಳ ಅವಧಿಯಲ್ಲಿ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತಿದ್ದರು.

ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಜಿಲ್ಲೆಗೆ ಬಂದು, ಇವರಲ್ಲಿ ಆಕ್ಸಿಜನ್ ಕೊರತೆಯಿಂದ ಸತ್ತವರು 3 ಮಂದಿ ಮಾತ್ರ ಎಂದರು. ಆ '3' ಹುಟ್ಟಿದ್ದು ಹೀಗೆ. '24' ಎಂಬುದು ಆ ಒಂದು ದಿನದಲ್ಲಿ ಆಸ್ಪತ್ರೆಯಲ್ಲಿ ಆದ ಒಟ್ಟು ಸಾವು. '36' ಹೆಚ್ಚಾಗಿ ಕೇಳಿಬಂದದ್ದು ಆಮೇಲಿನ ರಾಜಕೀಯ ಭಾಷಣಗಳಲ್ಲಿ ಮತ್ತು ಕುಟುಂಬಗಳ ಹೋರಾಟದಲ್ಲಿ. ಆ ಒಂದು ದಿನದ ಗೆರೆಯಾಚೆಗಿನ ಸಾವುಗಳನ್ನೂ ಸೇರಿಸಿ ಹೇಳುವ ಸಂಖ್ಯೆ ಅದು. ಅಂದರೆ ಮೂರು ಸಂಖ್ಯೆಗಳೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ.

'3' ಎಂಬ ಲೆಕ್ಕ ಏಕೆ ನಿಲ್ಲುವುದಿಲ್ಲ?

ಆಕ್ಸಿಜನ್ ನಿಂತಿದ್ದ ಹೊತ್ತಿನಲ್ಲೇ ಉಸಿರು ನಿಂತವರನ್ನು ಮಾತ್ರ ಎಣಿಸಿದರೆ ಸಂಖ್ಯೆ ಸಣ್ಣದಾಗುತ್ತದೆ. ಆದರೆ ದೇಹ ಗಡಿಯಾರ ನೋಡಿಕೊಂಡು ಸಾಯುವುದಿಲ್ಲ. ಆಕ್ಸಿಜನ್ ಪೂರ್ತಿ ನಿಂತರೆ ಮಿದುಳಿಗೆ ನಾಲ್ಕೈದು ನಿಮಿಷದಲ್ಲೇ ಹಾನಿ ಶುರುವಾಗುತ್ತದೆ. ಅರೆಬರೆ ಸಿಗುತ್ತಿದ್ದರೆ ಹೃದಯ, ಮೂತ್ರಪಿಂಡ ನಿಧಾನಕ್ಕೆ ಸೋಲುತ್ತವೆ. ಮೊದಲೇ ಸೋತ ಶ್ವಾಸಕೋಶದ ರೋಗಿ ರಾತ್ರಿ ಒಂದು ಗಂಟೆಗೆ ಆಕ್ಸಿಜನ್ ಕಳೆದುಕೊಂಡು, ಬೆಳಿಗ್ಗೆ ಸಿಲಿಂಡರು ಬಂದ ಮೇಲೆ ಸತ್ತರೆ, ಆ ಸಾವು ಯಾವ ಲೆಕ್ಕಕ್ಕೆ?

ಸಿಲಿಂಡರಿನ ಲೆಕ್ಕವನ್ನೂ ಮಾಡಿ ನೋಡಿ. ಆಸ್ಪತ್ರೆಗಳಲ್ಲಿ ಕಾಣುವ ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು ಸುಮಾರು ಏಳೂಮುಕ್ಕಾಲು ಗಂಟೆ ಬರುತ್ತದೆ. ಮೂಗಿನ ಮೂಲಕ ಜೋರಾಗಿ ಆಕ್ಸಿಜನ್ ಕೊಡುವ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್‌ವರೆಗೂ ಖರ್ಚಾಗಬಹುದು. ಅಂಥ 10 ರೋಗಿಗಳಿದ್ದರೆ 12 ನಿಮಿಷಕ್ಕೊಂದು ಸಿಲಿಂಡರು ಮುಗಿಯುತ್ತದೆ. ಹೀಗಿರುವಾಗ 'ದಿಢೀರನೆ ಖಾಲಿಯಾಯಿತು' ಎಂಬ ಮಾತನ್ನು ಒಪ್ಪುವುದು ಕಷ್ಟ. ಸಂಜೆಯೇ ಹಾಸಿಗೆ ಎಷ್ಟು, ಸಿಲಿಂಡರು ಎಷ್ಟು ಎಂದು ಎಣಿಸಿದ್ದರೆ ರಾತ್ರಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದು ಗೊತ್ತಾಗುತ್ತಿತ್ತು. ಇದಕ್ಕೆ ಕ್ಯಾಲ್ಕುಲೇಟರ್ ಸಾಕು.

ಹೈಕೋರ್ಟ್ ಸೂಚನೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಅದೇ ತಿಂಗಳು ವರದಿ ಕೊಟ್ಟಿತು. ಸಾವುಗಳಿಗೆ ಆಕ್ಸಿಜನ್ ಕೊರತೆಯೇ ಕಾರಣ ಎಂದಿತು. ಮೈಸೂರು ಜಿಲ್ಲಾಧಿಕಾರಿ ಪೂರೈಕೆ ತಡೆದರು ಎಂಬ ಆರೋಪಕ್ಕೆ ಸಮಿತಿಗೆ ಪುರಾವೆ ಸಿಗಲಿಲ್ಲ. ಬದಲಿಗೆ ಪರಿಸ್ಥಿತಿಯ ಮೇಲೆ ನಿಗಾ ಇಡುವುದರಲ್ಲಿ, ಮುಂದಾಳತ್ವ ವಹಿಸುವುದರಲ್ಲಿ ಚಾಮರಾಜನಗರ ಜಿಲ್ಲಾಡಳಿತವೇ ಸೋತಿತು ಎಂದು ಹೇಳಿತು. ಹಾಗಾಗಿ 'ಮೈಸೂರಿನವರು ತಡೆದರು' ಎಂಬ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ.

ಸಂಸತ್ತಿನಲ್ಲಿ 'ಯಾರೂ ಸತ್ತಿಲ್ಲ' ಅಂದರಾ?

ಇಲ್ಲಿ ಒಂದು ಪದ ಎಲ್ಲವನ್ನೂ ಬದಲಿಸುತ್ತದೆ. 2021ರ ಜುಲೈ 20ರಂದು ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಕೇಂದ್ರ ಆರೋಗ್ಯ ರಾಜ್ಯ ಸಚಿವರು ಹೇಳಿದ್ದು, ಆಕ್ಸಿಜನ್ ಕೊರತೆಯಿಂದ ಸಾವು ಆಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ 'ವರದಿ ಮಾಡಿಲ್ಲ' ಎಂದು. ಆರೋಗ್ಯ ರಾಜ್ಯಗಳ ವಿಷಯ ಎಂಬುದನ್ನೂ ಸೇರಿಸಿದರು. 'ವರದಿಯಾಗಿಲ್ಲ' ಎಂಬುದು ಫಾರ್ವರ್ಡ್‌ಗಳಲ್ಲಿ 'ಸತ್ತಿಲ್ಲ' ಎಂದಾಯಿತು.

ವರದಿ ಏಕಾಗಲಿಲ್ಲ? ಸಾವಿನ ಕಾರಣ ಬರೆಯುವ ವೈದ್ಯಕೀಯ ಪ್ರಮಾಣಪತ್ರದಲ್ಲಿ ಕೇಳುವುದು ರೋಗವನ್ನು. ತಕ್ಷಣದ ಕಾರಣ ಉಸಿರಾಟದ ವೈಫಲ್ಯ, ಮೂಲ ಕಾರಣ ಕೋವಿಡ್ ನ್ಯುಮೋನಿಯ ಎಂದು ವೈದ್ಯರು ಬರೆಯುತ್ತಾರೆ. ಅದು ಸುಳ್ಳೇನಲ್ಲ. ಆದರೆ 'ಸಿಲಿಂಡರು ಬರಲಿಲ್ಲ' ಎಂದು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ. ವ್ಯವಸ್ಥೆಯ ತಪ್ಪು ರೋಗದ ಹೆಸರಿನಡಿ ಮುಚ್ಚಿಹೋಗುವುದು ಹೀಗೆ. ಆಂಬುಲೆನ್ಸ್ ಒಂದೂವರೆ ಗಂಟೆ ತಡವಾಗಿ ದಾರಿಯಲ್ಲೇ ಜೀವ ಹೋದರೂ ದಾಖಲೆಯಲ್ಲಿ ಬರುವುದು 'ಹೃದಯಾಘಾತ' ಎಂದೇ. ನಮ್ಮ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಕೊರತೆಯನ್ನು ಎಣಿಸಬೇಕಾದ ಕೈಯೂ ಕೊರತೆಗೆ ಹೊಣೆಯಾದ ಕೈಯೂ ಒಂದೇ ಆಗಿದ್ದರೆ ಸಂಖ್ಯೆ ಚಿಕ್ಕದಾಗುತ್ತಲೇ ಹೋಗುತ್ತದೆ. '3' 24 ಆದದ್ದು ಹೊರಗಿನವರು ದಾಖಲೆ ತೆರೆದು ನೋಡಿದ ಮೇಲೆ.

ಹಾಗಾದರೆ ಕಾನೂನಿನಲ್ಲಿ ಹೊಣೆ ಯಾರದು?

ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಹಾಗಾಗಿ ಮೊದಲ ಹೊಣೆ ರಾಜ್ಯ ಸರ್ಕಾರದ್ದು. 108 ಆರೋಗ್ಯ ಕವಚ 2008ರ ನವೆಂಬರ್ 1ರಂದು ಶುರುವಾಗಿ, ಖಾಸಗಿ ಸಂಸ್ಥೆಯೊಂದರ ಜೊತೆಗಿನ ಒಪ್ಪಂದದ ಮೇಲೆ ನಡೆದುಬಂತು. 2022ರ ಸೆಪ್ಟೆಂಬರ್‌ನಲ್ಲಿ ಕರೆ ಕೇಂದ್ರದ ಸರ್ವರ್ ಕೆಟ್ಟು ಜನ ಗಂಟೆಗಟ್ಟಲೆ ಪರದಾಡಿದಾಗಲೂ, ಸಿಬ್ಬಂದಿಗೆ ಸಂಬಳ ತಡವಾದಾಗಲೂ ಇಲಾಖೆ ಸಂಸ್ಥೆಯತ್ತ, ಸಂಸ್ಥೆ ಇಲಾಖೆಯತ್ತ ಬೆರಳು ತೋರಿಸಿದ್ದನ್ನು ನೋಡಿದ್ದೇವೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನಲ್ಲ.

ಇದು ಬರೀ ನಮ್ಮ ಅಭಿಪ್ರಾಯವಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಎಂಬ ಕಾರಣಕ್ಕೆ ಸರ್ಕಾರ ಇದರಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು.

'ಸರ್ಕಾರಿ ಆಸ್ಪತ್ರೆ ಮೇಲೆ ಗ್ರಾಹಕ ಕೋರ್ಟಿಗೆ ಹೋಗಿ' ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ಎಲ್ಲರಿಗೂ ಉಚಿತವಾಗಿ ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಪ್ರಕರಣಕ್ಕೆ ದಾರಿ ಹೈಕೋರ್ಟ್. ಚಾಮರಾಜನಗರದ 24 ಕುಟುಂಬಗಳಿಗೆ ತಲಾ 2 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಸಿಕ್ಕಿದ್ದೂ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆಯೇ. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಗುಂಡ್ಲುಪೇಟೆಗೆ ಬಂದಾಗಲೂ ಕುಟುಂಬದವರು ತಮ್ಮ ಅಹವಾಲು ಹೇಳಿಕೊಳ್ಳುತ್ತಲೇ ಇದ್ದರು.

ನಾವು ಏನು ಕೇಳಬಹುದು?

108ಕ್ಕೆ ಕರೆ ಮಾಡಿದರೆ ನಿಮ್ಮ ಫೋನಿನ ಕರೆ ಪಟ್ಟಿಯನ್ನು ಅಳಿಸಬೇಡಿ. ಗಾಡಿ ಬಂದ ಹೊತ್ತು, ಆಸ್ಪತ್ರೆ ತಲುಪಿದ ಹೊತ್ತು ಬರೆದಿಟ್ಟುಕೊಳ್ಳಿ. ತಡವಾಗಿದ್ದರೆ ಕರೆ ಬಂದ, ಗಾಡಿ ಹೊರಟ, ಸ್ಥಳಕ್ಕೆ ತಲುಪಿದ ಸಮಯಗಳ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಆರೋಗ್ಯ ಇಲಾಖೆಯಿಂದ ಕೇಳಬಹುದು. 'ಅದು ಖಾಸಗಿಯವರ ಬಳಿ ಇದೆ' ಎಂಬ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ. ಇಲಾಖೆ ಕಾನೂನುಬದ್ಧವಾಗಿ ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯೂ ಆ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಸಾಮಾನ್ಯ ಗಡುವು 30 ದಿನ, ಒಬ್ಬರ ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ.

ಗಾಡಿಗಳ ಲೆಕ್ಕವನ್ನೂ ಕೇಳಬಹುದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದಂತೆ ಲಕ್ಷ ಜನರಿಗೊಂದು ಸಾಮಾನ್ಯ, 5 ಲಕ್ಷ ಜನರಿಗೊಂದು ಜೀವರಕ್ಷಕ ಸಲಕರಣೆಯುಳ್ಳ ಆಂಬುಲೆನ್ಸ್ ಇರಬೇಕು. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಅಂದರೆ ಕನಿಷ್ಠ 10 ಮತ್ತು 2. ಆದರೆ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಪೋಡುಗಳಿಗೆ ಗಾಡಿ ಹೋಗುವ ದಾರಿಯೇ ಇಲ್ಲದಿರುವಾಗ ತಲೆ ಎಣಿಸಿ ಗಾಡಿ ಹಂಚಿದರೆ ಸಾಲದು. ಎಷ್ಟು ಗಾಡಿ ಇವೆ ಎಂಬುದರ ಜೊತೆಗೆ ಇವತ್ತು ಎಷ್ಟು ರಸ್ತೆಯಲ್ಲಿವೆ, ಎಷ್ಟು ರಿಪೇರಿಗೆ ನಿಂತಿವೆ ಎಂದೂ ಕೇಳಿ.

ಆಸ್ಪತ್ರೆಯ ಆಕ್ಸಿಜನ್ ಬಗ್ಗೆಯೂ ಅಷ್ಟೇ. ದುರಂತದ ನಂತರ, 2021ರ ಅಕ್ಟೋಬರ್ ಹೊತ್ತಿಗೆ ದೇಶದ ಎಲ್ಲ ಜಿಲ್ಲೆಗಳಲ್ಲೂ ಪಿಎಸ್‌ಎ ಘಟಕಗಳು ಬಂದಿವೆ ಎಂದು ಕೇಂದ್ರ ಸರ್ಕಾರ ಹೇಳಿತು. ಇವು ಗಾಳಿಯಲ್ಲಿರುವ ಸಾರಜನಕವನ್ನು ಹೀರಿ ತೆಗೆದು ಸುಮಾರು 93% ಶುದ್ಧತೆಯ ಆಕ್ಸಿಜನ್ ಕೊಡುತ್ತವೆ. ಕರೆಂಟು ಬೇಕು, ಸರ್ವಿಸ್ ಆಗಬೇಕು, ನಡೆಸಲು ಗೊತ್ತಿರುವವರು ಬೇಕು. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಯಾರೆಂದು ತಿಳಿದುಕೊಳ್ಳಿ. ಘಟಕ ಕೊನೆಯದಾಗಿ ಓಡಿದ್ದು ಯಾವಾಗ, ಕರೆಂಟು ಹೋದರೆ ಎಷ್ಟು ಗಂಟೆಗಾಗುವಷ್ಟು ಸಿಲಿಂಡರು ದಾಸ್ತಾನಿದೆ, ಅದನ್ನು ರಾತ್ರಿ ಎಣಿಸುವವರು ಯಾರು ಎಂದು ಅವರನ್ನೇ ಕೇಳಿ.