ಹಿಮದ ಬಯಲಿನಲ್ಲಿ ಒಂದು ಗಂಟೆ

ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳುಂಟು. ಮಡಿಕೇರಿಯ ಕಣಿವೆಯನ್ನು ಮುಂಜಾನೆ ಮುಚ್ಚಿ, ಬಿಸಿಲೇರುತ್ತಲೇ ಮಾಯವಾಗುವುದೂ ಮಂಜೇ. ಹಿಮಾಲಯದ ಇಳಿಜಾರುಗಳಲ್ಲಿ ಮೊಣಕಾಲುದ್ದ ಬಿದ್ದು ತಿಂಗಳುಗಟ್ಟಲೆ ಉಳಿಯುವುದೂ ಮಂಜೇ. ಮೊದಲನೆಯದನ್ನು ಬಲ್ಲ ನಮ್ಮ ನಾಡಿನ ಮಕ್ಕಳು ಎರಡನೆಯದನ್ನು ಬಹುಮಟ್ಟಿಗೆ ಚಿತ್ರಗಳಲ್ಲಿ ಮಾತ್ರ ಕಂಡಿರುತ್ತಾರೆ. ಆದುದರಿಂದಲೇ ಉತ್ತರ ಭಾರತದ ಪ್ರವಾಸದ ಮಾತು ಮನೆಯಲ್ಲಿ ಎದ್ದೊಡನೆ ‘ಹಿಮದಲ್ಲಿ ಆಡಬೇಕು’ ಎಂಬ ಬೇಡಿಕೆಯೂ, ಅದರ ಬೆನ್ನಿಗೇ ಮನಾಲಿಯ ಹೆಸರೂ ಬರುವುದು ಸಹಜ.

ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಂಡೆಯಲ್ಲಿರುವ ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ಮುಂದೆ, ಸುಮಾರು 2,500 ಮೀಟರ್ ಎತ್ತರದಲ್ಲಿ ಸೋಲಾಂಗ್ ಕಣಿವೆಯ ವಿಶಾಲವಾದ ಇಳಿಜಾರು ಹರಡಿದೆ. ಚಳಿಗಾಲದಲ್ಲಿ ಇದು ಮಕ್ಕಳ ಪಾಲಿಗೆ ಒಂದು ದೊಡ್ಡ ಆಟದ ಬಯಲು. ಜಾರುಬಂಡಿಯ ಮೇಲೆ ಕುಳಿತು ಜಾರುವವರು, ಗಾಳಿ ತುಂಬಿದ ರಬ್ಬರಿನ ಚಕ್ರದಲ್ಲಿ ಉರುಳುವವರು, ಕಾಲಿಗೆ ಸ್ಕೀ ಕಟ್ಟಿಕೊಂಡು ನಾಲ್ಕು ಹೆಜ್ಜೆಗೆ ಒಮ್ಮೆ ಬೀಳುವವರು, ಏನೂ ಮಾಡದೆ ಹಿಮವನ್ನು ಮುಷ್ಟಿಯಲ್ಲಿ ಹಿಡಿದು ನಗುವ ಅಜ್ಜಿಯರು — ಎಲ್ಲರಿಗೂ ಅಲ್ಲಿ ಸ್ಥಳವುಂಟು.

ಆದರೆ ತೊಡಕಿರುವುದು ಪಂಚಾಂಗದಲ್ಲಿ. ನಮ್ಮ ಶಾಲೆಗಳ ದೀರ್ಘ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಸೋಲಾಂಗಿನ ಹಿಮವಾದರೋ ಮುಖ್ಯವಾಗಿ ಜನವರಿ, ಫೆಬ್ರವರಿ ತಿಂಗಳುಗಳದು. ಬೇಸಿಗೆಯ ರಜೆಯಲ್ಲಿ ಹೋದ ಕುಟುಂಬಕ್ಕೆ ಅಲ್ಲಿ ಕಾಣುವುದು ಹಸಿರು ಹುಲ್ಲು. ಮಕ್ಕಳ ಮುಖ ಸಣ್ಣದಾಗುತ್ತದೆ; ‘ಇಷ್ಟು ದೂರ ಬಂದು ಹಿಮ ಮುಟ್ಟದೆ ಹಿಂದಿರುಗುವುದೇ?’ ಎಂದು ತಂದೆಗೂ ಅನ್ನಿಸುತ್ತದೆ. ಆಗ ಬಾಡಿಗೆ ಕಾರಿನ ಚಾಲಕ ತೋರಿಸುವ ದಾರಿಯೇ ರೋಹ್ತಾಂಗ್ ಕಣಿವೆಮಾರ್ಗ.

ರೋಹ್ತಾಂಗಿನ ಎತ್ತರ 3,978 ಮೀಟರ್. ಮನಾಲಿಯಿಂದ 51 ಕಿಲೋಮೀಟರ್. ಎಂದರೆ, ಒಂದೇ ಮುಂಜಾನೆಯಲ್ಲಿ ಮಗುವೊಂದು ಸುಮಾರು 1,900 ಮೀಟರ್ ಮೇಲೇರುತ್ತದೆ. ಅಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಶೇಕಡಾ 60ರಷ್ಟು ಮಾತ್ರ. ದೊಡ್ಡವರಿಗೆ ತಲೆನೋವು, ಹೊಟ್ಟೆ ತೊಳಸು ಬಂದರೆ ಬಾಯಿ ಬಿಟ್ಟು ಹೇಳುತ್ತಾರೆ. ಎರಡು ಮೂರು ವರ್ಷದ ಕೂಸು ಹೇಳಲಾರದು. ಅದು ಹಟ ಹಿಡಿಯುತ್ತದೆ, ತಿಂಡಿ ಬೇಡವೆನ್ನುತ್ತದೆ, ಮಂಕಾಗಿ ಹೆಗಲಿಗೆ ಒರಗುತ್ತದೆ. ಪ್ರಯಾಣದ ಆಯಾಸವೆಂದು ತಾಯಿ ತಿಳಿಯುತ್ತಾಳೆ. ಇಂತಹ ಚಿಹ್ನೆಗಳು ಎತ್ತರದಲ್ಲಿ ಕಂಡಾಗ ಮಾಡಬೇಕಾದ ಮೊದಲ ಕೆಲಸ ಕೆಳಗಿಳಿಯುವುದೇ. ಇನ್ನೂ ಸ್ವಲ್ಪ ಹೊತ್ತು ನೋಡೋಣವೆಂಬ ಮಾತು ಸಲ್ಲದು. ಹೃದಯದ ಅಥವಾ ಉಸಿರಾಟದ ತೊಂದರೆಯುಳ್ಳ ಹಿರಿಯರೂ ಕಿರಿಯರೂ ವೈದ್ಯರನ್ನು ಕೇಳದೆ ಹೊರಡುವುದೇ ತರವಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಕುಟುಂಬದೊಡನೆ ಹೋಗುವವರಿಗೆ ಒಂದೇ ಸೂತ್ರ ಸಾಕು: ಹಿಮ ಎಲ್ಲಿದೆಯೋ ಅಲ್ಲಿಗೆ ಮಗುವನ್ನು ಎತ್ತಿಕೊಂಡು ಓಡುವುದಲ್ಲ, ಹಿಮ ಕೆಳಗಿಳಿದು ಬರುವ ಕಾಲಕ್ಕೆ ತಾವು ಹೋಗುವುದು. ಮನಾಲಿಯಲ್ಲಿ ಒಂದು ಪೂರ್ಣ ದಿನ ವಿಶ್ರಮಿಸಿ, ಮರುದಿನ ಸೋಲಾಂಗಿಗೆ ಹೋದರೆ ಮೈಗೂ ಹಿತ, ಮನಸ್ಸಿಗೂ ಹಿತ.

ಹಿಮದಲ್ಲಿ ಮಕ್ಕಳಿಗೆ ಒಂದು ಗಂಟೆಯ ಆಟ ಧಾರಾಳ. ದೇಹದ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಮೈಯ ಬಿಸಿ ಬೇಗ ಹೋಗುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಚಳಿಯನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿಯನ್ನು ಉಳಿಸುತ್ತದೆ. ಸೋಲಾಂಗಿನ ದಾರಿಯುದ್ದಕ್ಕೂ ದಪ್ಪ ಕೋಟು, ಗಮ್ ಬೂಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಬೂಟಿನೊಳಗೆ ಕೈಯಿಟ್ಟು ನೋಡುವುದು ಮರೆಯಬಾರದು; ಹಿಂದಿನವರು ತೊಟ್ಟ ತೇವ ಅದರಲ್ಲಿಯೇ ಇರಬಹುದು. ಕಾಲುಚೀಲ, ಕೈಗವಸುಗಳ ಇನ್ನೊಂದು ಜೊತೆ ತಾಯಿಯ ಚೀಲದಲ್ಲಿರಲಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುವುದರಿಂದ, ಮಕ್ಕಳಿಗೂ ಕಪ್ಪು ಕನ್ನಡಕ ಬೇಕು, ಅದು ಶೋಕಿಯಲ್ಲ. ಜಾರುಬಂಡಿಗೆ ಹತ್ತುವ ಮೊದಲೇ ದರವನ್ನೂ ಎಷ್ಟು ಹೊತ್ತೆಂಬುದನ್ನೂ ಮಾತಾಡಿಕೊಂಡರೆ ಇಳಿದ ಮೇಲೆ ವಾಗ್ವಾದವಿರುವುದಿಲ್ಲ.

ಹಿಮದ ಗೊಂಬೆ ಮಾಡಲು ಹೊರಟ ಮಕ್ಕಳು ಕೆಲವು ದಿನ ನಿರಾಶರಾಗುವುದುಂಟು. ಕಡುಚಳಿಯಲ್ಲಿ ಬಿದ್ದ ಒಣ ಹಿಮ ಅಂಟುವುದಿಲ್ಲ. ಪಸೆಯಿಲ್ಲದ ರವೆ ಉಂಡೆಯಾಗದಂತೆಯೇ ಇದೂ. ಬಿಸಿಲು ಬಿದ್ದು ಸ್ವಲ್ಪ ನೀರೊಡೆದರೆ ಗೊಂಬೆ ತಾನೇ ನಿಲ್ಲುತ್ತದೆ. ಇಷ್ಟನ್ನು ತಾಯಿ ಹೇಳಿಕೊಟ್ಟರೆ ಆಟದೊಳಗೇ ಒಂದು ಪಾಠವೂ ಆಯಿತು.

ಕಲಿಸಬೇಕಾದ ಇನ್ನೊಂದು ಪಾಠವೂ ಇದೆ. ಪ್ರವಾಸಿಗೆ ಒಂದು ಗಂಟೆಯ ವಿನೋದವಾದ ಹಿಮ ಅಲ್ಲಿನ ಹಳ್ಳಿಗರಿಗೆ ವರ್ಷದ ನೀರು. ಸೇಬಿನ ಮರ ಹೂಬಿಡಲು ಚಳಿಗಾಲದ ದೀರ್ಘ ಶೈತ್ಯ ಬೇಕು. ಬೇಸಿಗೆಯಲ್ಲಿ ತೋಟಕ್ಕೂ ತೊರೆಗೂ ಕರಗಿದ ಹಿಮವೇ ಆಧಾರ. ವಾಹನಗಳ ಹೊಗೆಯ ಕರಿ ಹಿಮದ ಮೇಲೆ ಕುಳಿತರೆ ಅದು ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ರೋಹ್ತಾಂಗಿನ ಈ ದುಃಸ್ಥಿತಿಯನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಕಠಿಣ ಆದೇಶವನ್ನು ನೀಡಿತು; ಪ್ರವಾಸಿಗಳ ವಾಹನಗಳಿಗೆ ಅನುಮತಿಪತ್ರ ಕಡ್ಡಾಯವಾಯಿತು, ಸಂಖ್ಯೆಗೂ ಮಿತಿ ಬಂದಿತು. ಬಳಿಕ 2020ರ ಅಕ್ಟೋಬರ್ 3ರಂದು ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ, ರೋಹ್ತಾಂಗನ್ನು ಹತ್ತದೆಯೇ ಲಾಹೌಲ್ ಕಣಿವೆಗೆ ದಾರಿ ಮಾಡಿತು. ಅದರೊಡನೆ, ಹಿಂದೆ ಚಳಿಗಾಲದಲ್ಲಿ ನಿಶ್ಶಬ್ದವಾಗಿರುತ್ತಿದ್ದ ಆ ಕಣಿವೆಯ ಹಿಮದ ಮೇಲೂ ಪ್ರವಾಸಿಗಳ ಹೆಜ್ಜೆ ಮೂಡಿತು. ಅವರು ಬಿಟ್ಟುಬಂದ ತಿಂಡಿಯ ಪೊಟ್ಟಣ ಹಿಮದಡಿಯಲ್ಲಿ ಮರೆಯಾಗಬಹುದು. ಚೈತ್ರ ಬಂದೊಡನೆ ಮತ್ತೆ ಹೊರಬೀಳುತ್ತದೆ.

ಆದುದರಿಂದ ಬಯಲಿನಿಂದ ಹೊರಡುವಾಗ ಪೊಟ್ಟಣಗಳನ್ನು ಚೀಲಕ್ಕೆ ತುಂಬುವ ಕೆಲಸವನ್ನು ಮನೆಯ ಅತಿ ಕಿರಿಯನಿಗೇ ವಹಿಸುವುದು ಒಳ್ಳೆಯದು. ಮೂಗು ಕೆಂಪಾಗಿ, ಕೈ ಜೋಮುಗಟ್ಟುವ ಮೊದಲೇ ಬಿಸಿ ಚಹಾದ ಅಂಗಡಿಯ ಕಡೆಗೆ ನಡೆಯಬೇಕು. ‘ಇನ್ನೂ ಸ್ವಲ್ಪ ಹೊತ್ತು’ ಎಂದು ಮಗು ಬೇಡುತ್ತಿರುವಾಗಲೇ ಹೊರಟ ಕುಟುಂಬ ಮನೆಗೆ ತರುವುದು ಹಿಮದ ನೆನಪನ್ನು. ತಡಮಾಡಿದ ಕುಟುಂಬ ತರುವುದು ನೆಗಡಿಯನ್ನು.