ನಂಬರ್ ಒನ್ ಯಾರು ಅಂತ ಜಗಳ ಆದ ರಾತ್ರಿ

ಅಪ್ರೈಸಲ್ ತಿಂಗಳಲ್ಲಿ ನಾನು ಯಾರ ಮನೆಗೂ ಹೋಗಬಾರದು. ಹೋದರೆ ಜಗಳ ಆಡಿಕೊಂಡೇ ಬರ್ತೀನಿ. ಈ ಸಲ ಜಗಳ ಆಗಿದ್ದು ಮೈಸೂರಿನಲ್ಲಿ, ಅಕ್ಕನ ಮನೆಯಲ್ಲಿ, ಭಾವನ ಜೊತೆ. ವಿಷಯ: ಸೋಲ್ ಸಂಗೀತದಲ್ಲಿ ಎಲ್ಲರಿಗಿಂತ ದೊಡ್ಡ ಗಾಯಕರು ಯಾರು?

ಭಾವ ಕೆಲಸದ ಮೇಲೆ ನಾಲ್ಕು ವರ್ಷ ಅಮೆರಿಕದ ಮೆಂಫಿಸ್‌ನಲ್ಲಿದ್ದರು. ಬೇರೆಯವರು ಅಲ್ಲಿಂದ ಚಾಕೊಲೇಟ್ ತಂದರೆ ಇವರು ಒಂದು ಪೆಟ್ಟಿಗೆ ಹಳೇ ಎಲ್‌ಪಿ ರೆಕಾರ್ಡ್ ತಂದರು. ಸ್ಟ್ಯಾಕ್ಸ್ ಅನ್ನೋ ರೆಕಾರ್ಡ್ ಕಂಪನಿ ಇದ್ದದ್ದು ಅದೇ ಊರಲ್ಲಿ, ಒಂದು ಹಳೇ ಸಿನಿಮಾ ಟಾಕೀಸಿನಲ್ಲಿ. ಕುರ್ಚಿಗಳನ್ನು ಕಿತ್ತು ಸ್ಟುಡಿಯೋ ಮಾಡಿಕೊಂಡಿದ್ದರು, ಇಳಿಜಾರಾಗಿದ್ದ ನೆಲವನ್ನು ಹಾಗೇ ಬಿಟ್ಟಿದ್ದರು. ಮೂಲ ಕಟ್ಟಡ ಈಗಿಲ್ಲ. ಅದೇ ಜಾಗದಲ್ಲಿ ಮ್ಯೂಸಿಯಂ ಇದೆ. ಭಾವ ಅಲ್ಲಿಗೆ ಎಷ್ಟು ಸಲ ಹೋಗಿದ್ದಾರೆ ಅನ್ನೋದು ಅಕ್ಕನಿಗೆ ಮಾತ್ರ ಗೊತ್ತು.

ಸೋಲ್ ಅಂದರೆ ಏನು ಅಂತ ನಮ್ಮಮ್ಮನಿಗೆ ಇನ್ನೂ ಅರ್ಥ ಆಗಿಲ್ಲ. "ಅದೇನು ಅಳಿಯಂದ್ರೆ, ಯಾವಾಗ್ಲೂ ಸೋಲು ಸೋಲು ಅಂತೀರ? ಗೆಲ್ಲೋ ಹಾಡು ಯಾವುದೂ ಇಲ್ವಾ?" ಅಂತಾರೆ. ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಗಾಸ್ಪೆಲ್ ಹಾಡೋ ಒಂದು ರೀತಿ ಇದೆ. ಒಬ್ಬರು ಎದೆ ಬಿರಿಯೋ ಹಾಗೆ ಒಂದು ಸಾಲು ಹಾಡ್ತಾರೆ, ಹಿಂದಿರೋರೆಲ್ಲ ಅದಕ್ಕೆ ಉತ್ತರ ಕೊಡ್ತಾರೆ. ಆ ಧಾಟಿಗೆ ಪ್ರೇಮ, ವಿರಹ, ಹೊಟ್ಟೆಪಾಡಿನ ಮಾತು ಕೂಡಿಸಿದರೆ ಸೋಲ್. ಭಜನೆಯ ಧಾಟಿಯಲ್ಲಿ ಪ್ರೇಮಗೀತೆ ಹಾಡಿದ ಹಾಗೆ. ರೇ ಚಾರ್ಲ್ಸ್ 1954ರಲ್ಲಿ 'ಐ ಗಾಟ್ ಎ ವುಮನ್' ರೆಕಾರ್ಡ್ ಮಾಡಿದಾಗ ದೇವರ ಹಾಡನ್ನು ಕೆಡಿಸಿದ ಅಂತ ಬೈದವರು ಕಡಿಮೆ ಏನಿರಲಿಲ್ಲ.

ಸರಿ, ಜಗಳಕ್ಕೆ ಬರೋಣ. ಊಟ ಆದ ಮೇಲೆ ಭಾವ ರೆಕಾರ್ಡ್ ಹಾಕಿಕೊಂಡು, "ಓಟಿಸ್ ರೆಡ್ಡಿಂಗ್ ಆದ್ಮೇಲೇನೇ ಬೇರೆಯೋರು" ಅಂದರು. ನಾನು ಸುಮ್ಮನಿರಬಹುದಿತ್ತು. ಆದರೆ ಕೈಯಲ್ಲಿ ಫೋನ್ ಇತ್ತು.

"ಭಾವ, ರೋಲಿಂಗ್ ಸ್ಟೋನ್ ಲಿಸ್ಟ್ ನೋಡಿ. 2008ರಲ್ಲೂ ಅರೀತಾ ಫ್ರಾಂಕ್ಲಿನ್ ನಂಬರ್ ಒನ್, 2023ರಲ್ಲೂ ಅವಳೇ. ನಿಮ್ಮ ಓಟಿಸ್ ಆಗ 8, ಈಗ 9."

ಭಾವ ಕನ್ನಡಕ ಮೇಲೆತ್ತಿದರು. "ಅಲ್ಲಮ್ಮ, ಅವನು ಸತ್ತಿದ್ದು 1967ರಲ್ಲಿ. 2008ರಿಂದ 2023ರೊಳಗೆ ಒಂದು ಸ್ಥಾನ ಕೆಳಗೆ ಹೋಗೋಕೆ ಅವನು ಏನು ತಪ್ಪು ಹಾಡಿದ?"

ನಗು ಬಂತು, ಆದರೆ ಉತ್ತರ ಬರಲಿಲ್ಲ. ರೇ ಚಾರ್ಲ್ಸ್ 2ರಿಂದ 6ಕ್ಕೆ ಇಳಿದಿದ್ದಾರೆ. ಅವರೂ 2004ರಲ್ಲೇ ತೀರಿಕೊಂಡವರು. ವಿಟ್ನಿ ಹ್ಯೂಸ್ಟನ್ 34ರಲ್ಲಿದ್ದವಳು ನೇರ 2ಕ್ಕೆ ಬಂದಿದ್ದಾಳೆ. ನಮ್ಮ ಲತಾ ಮಂಗೇಶ್ಕರ್ 2023ರ ಪಟ್ಟಿಯಲ್ಲಿ 84. ಹಾಡುಗಳು ಇದ್ದ ಹಾಗೇ ಇವೆ. ಬದಲಾಗಿದ್ದು ನಂಬರ್ ಕೊಡೋ ಕುರ್ಚಿಯಲ್ಲಿ ಕೂತವರ ಕಿವಿ.

ಈ ಮಾತು ನನಗೆ ಯಾಕೆ ಚುಚ್ಚಿತು ಅಂದರೆ, ಆ ರಾತ್ರಿ ನನ್ನ ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಟೀಮ್ ಲೀಡ್ ಆದ ಮೇಲೆ ನನ್ನ ಮೊದಲ ಅಪ್ರೈಸಲ್. ಆರು ಜನರ ಹೆಸರು. ಒಬ್ಬರನ್ನು ಮೇಲಿನ ಬಾಕ್ಸಿಗೆ, ಒಬ್ಬರನ್ನು ಕೆಳಗಿನ ಬಾಕ್ಸಿಗೆ ಹಾಕಲೇಬೇಕು. ಬೆಲ್ ಕರ್ವ್ ಅಂತಾರಲ್ಲ, ಅದು. ಸೋಮವಾರ ಬೆಳಿಗ್ಗೆ ಕಳಿಸಬೇಕು.

ಭಾವ ತಮ್ಮ ಕೇಸ್ ಮುಂದುವರಿಸಿದರು. ಓಟಿಸ್ 1962ರಲ್ಲಿ ಸ್ಟ್ಯಾಕ್ಸ್ ಬಾಗಿಲಿಗೆ ಬಂದಿದ್ದು ಗಾಯಕನಾಗಿ ಅಲ್ಲ, ಡ್ರೈವರ್ ಆಗಿ. ಜಾನಿ ಜೆಂಕಿನ್ಸ್ ಅನ್ನೋ ಗಿಟಾರಿಸ್ಟನ ರೆಕಾರ್ಡಿಂಗ್ ಇತ್ತು. ಅವನನ್ನು ಜಾರ್ಜಿಯಾದಿಂದ ಕಾರಲ್ಲಿ ಕರೆದುಕೊಂಡು ಬಂದವನು ಈತ. ರೆಕಾರ್ಡಿಂಗ್ ಸರಿಯಾಗಿ ಕೂಡಿಬರಲಿಲ್ಲ, ಕೊನೆಯಲ್ಲಿ ಸ್ವಲ್ಪ ಸಮಯ ಉಳಿಯಿತು. ಆ ಉಳಿದ ಹೊತ್ತಲ್ಲಿ ಹಾಡಿದ್ದು 'ದೀಸ್ ಆರ್ಮ್ಸ್ ಆಫ್ ಮೈನ್'. ಐದು ವರ್ಷ ಆದ ಮೇಲೆ, 26ನೇ ವಯಸ್ಸಿಗೆ, ವಿಮಾನ ಕೆರೆಗೆ ಬಿದ್ದು ಹೋಗಿಬಿಟ್ಟ. "ಸಮಯ ಉಳೀದೇ ಇದ್ದಿದ್ರೆ ನಿನ್ನ ಲಿಸ್ಟಲ್ಲಿ ಅವನು ಎಲ್ಲಿರ್ತಿದ್ದ ಹೇಳು" ಅಂದರು ಭಾವ.

"ಸ್ಯಾಮ್ ಕುಕ್?" ಅಂದೆ. ನಾನೇನು ಕಡಿಮೆ!

ಭಾವ ಎರಡು ರೆಕಾರ್ಡ್ ತೆಗೆದರು. ಒಂದು 1964ರದ್ದು, ನ್ಯೂಯಾರ್ಕಿನ ಕೋಪಕಬಾನಾ ನೈಟ್‌ಕ್ಲಬ್ಬಿನಲ್ಲಿ ಹಾಡಿದ್ದು. ನಯವಾದ ದನಿ, ಸೂಟು-ಬೂಟಿನ ಜನ, ಅಳತೆಯ ಚಪ್ಪಾಳೆ. ಇನ್ನೊಂದು 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಕಪ್ಪು ಜನರ ಮುಂದೆ ಹಾಡಿದ್ದು. ಇಲ್ಲಿ ದನಿ ಒರಟಾಗುತ್ತೆ, ಉಸಿರು ಕಟ್ಟುತ್ತೆ, ಜನ ಕೂಗ್ತಾರೆ, ಆತ ಆ ಕೂಗಿಗೆ ವಾಪಸ್ ಹಾಡ್ತಾನೆ. ಇದು ತುಂಬಾ ಒರಟಾಯಿತು, ಸ್ಯಾಮ್ ಕುಕ್ ಇಮೇಜಿಗೆ ಒಗ್ಗಲ್ಲ ಅಂತ ರೆಕಾರ್ಡ್ ಕಂಪನಿ ಎತ್ತಿಟ್ಟಿತು. ಹೊರಗೆ ಬಂದಿದ್ದು 1985ರಲ್ಲಿ. ಹಾಡಿದ 22 ವರ್ಷಕ್ಕೆ, ಆತ ಸತ್ತ 21 ವರ್ಷಕ್ಕೆ. ಈಗ ಕೇಳಿದವರು ಸೋಲ್‌ನ ದೊಡ್ಡ ಲೈವ್ ರೆಕಾರ್ಡುಗಳಲ್ಲಿ ಇದೂ ಒಂದು ಅಂತಾರೆ. ಅಷ್ಟು ವರ್ಷ ಜನ ಆತನಿಗೆ ಮಾರ್ಕ್ಸ್ ಕೊಡ್ತಾ ಇದ್ದದ್ದು ಅರ್ಧ ಉತ್ತರಪತ್ರಿಕೆ ನೋಡಿ.

ಭಾವ ಗೆಲ್ತಾ ಇದ್ದಾರೆ ಅಂತ ಅನಿಸಿತು. ಹಾಗಾಗಿ ನನ್ನ ಅರೀತಾಳನ್ನು ಮುಂದೆ ತಂದೆ. ಓದಿಕೊಂಡಿದ್ದೆಲ್ಲ ಒದರಿದೆ: 1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಹೆಂಗಸು, 18 ಗ್ರ್ಯಾಮಿ... ಭಾವ ಮಧ್ಯೆ ಬಾಯಿ ಹಾಕಿದರು. "ಬಹುಮಾನ ಬಿಡಮ್ಮ. ಅವಳ ಕೊಲಂಬಿಯಾ ರೆಕಾರ್ಡ್ ಕೇಳಿದ್ದೀಯಾ?"

ಕೇಳಿರಲಿಲ್ಲ. ನಿಜ ಹೇಳಬೇಕು ಅಂದರೆ ನಾನು ಅರೀತಾಳ ಏಳೆಂಟು ಹಾಡು ಬಿಟ್ಟು ಬೇರೆ ಕೇಳಿಯೇ ಇರಲಿಲ್ಲ. ಲಿಸ್ಟ್ ಹೇಳಿತ್ತು, ನಾನು ನಂಬಿದ್ದೆ.

1960ರಿಂದ ಸುಮಾರು ಆರು ವರ್ಷ ಅರೀತಾ ಕೊಲಂಬಿಯಾ ಕಂಪನಿಯಲ್ಲಿದ್ದಳು. ಅಪ್ಪ ಡೆಟ್ರಾಯಿಟಿನ ಹೆಸರಾಂತ ಪಾದ್ರಿ. ಚಿಕ್ಕ ಹುಡುಗಿಯಾಗಿದ್ದಾಗಿಂದ ಅಪ್ಪನ ಚರ್ಚಿನಲ್ಲಿ ಹಾಡಿ ಬೆಳೆದ ಕಂಠ. ಕಂಪನಿ ಅದಕ್ಕೆ ಹಾಡಿಸಿದ್ದು ಹೆಚ್ಚಾಗಿ ನಾಟಕದ ಹಾಡು, ಜಾಜ್, ಹಿಂದೆ ಪಿಟೀಲುಗಳ ಸಾಲು. ಭಾವ ಅವುಗಳಲ್ಲಿ ಒಂದು ಹಾಕಿದರು. ಚೆನ್ನಾಗಿದೆ. ಬರೀ ಚೆನ್ನಾಗಿದೆ. ಆ ಆರು ವರ್ಷದಲ್ಲಿ ದೇಶ ತಿರುಗಿ ನೋಡುವಂಥ ಹಿಟ್ ಬರಲಿಲ್ಲ.

ಆಮೇಲೆ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಕರೆದುಕೊಂಡ. 1967ರ ಜನವರಿಯಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಅನ್ನೋ ಸಣ್ಣ ಊರಿನ ಸ್ಟುಡಿಯೋಗೆ ಕರೆತಂದು ಪಿಯಾನೋ ಮುಂದೆ ಕೂರಿಸಿದ. ಕೊಲಂಬಿಯಾದಲ್ಲಿ ಆಕೆ ಪಿಯಾನೋ ಮುಟ್ಟೇ ಇರಲಿಲ್ಲ ಅಂತಲ್ಲ. ಆದರೆ ಇಲ್ಲಿ ಹಾಡು ಶುರುವಾಗೋದೇ ಆಕೆಯ ಕೈಯಿಂದ, ವಾದ್ಯದವರು ಆಕೆಯ ಹಿಂದೆ ಬರಬೇಕು. ಆ ದಿನ ಜಗಳ ಆಗಿ ರೆಕಾರ್ಡಿಂಗ್ ಅರ್ಧಕ್ಕೆ ನಿಂತಿತು. ಪೂರ್ತಿ ಆಗಿದ್ದು ಒಂದೇ ಹಾಡು, 'ಐ ನೆವರ್ ಲವ್ಡ್ ಎ ಮ್ಯಾನ್'. ಆ ಒಂದೇ ಸಾಕಾಯಿತು. ಅದೇ ಫೆಬ್ರವರಿ 14ಕ್ಕೆ ನ್ಯೂಯಾರ್ಕಿನಲ್ಲಿ 'ರೆಸ್ಪೆಕ್ಟ್' ಹಾಡಿದಳು. ಬೇಸಿಗೆಯ ಹೊತ್ತಿಗೆ ಅದು ಅಮೆರಿಕದ ನಂಬರ್ ಒನ್ ಹಾಡು.

ನಾನು ಲೆಕ್ಕ ಹಾಕಿದೆ. ಅದೇ ಹೆಂಗಸು, ಅದೇ ಕಂಠ. 1965ರಲ್ಲಿ ಅಪ್ರೈಸಲ್ ಆಗಿದ್ದರೆ 'ನಿರೀಕ್ಷೆಗೆ ತಕ್ಕಂತಿದೆ' ಅಂತ ಬರೀತಿದ್ದರು. ಹೋದ ಟೀಮಿನಲ್ಲಿ ಎರಡು ವರ್ಷ ನನಗೂ ಅದನ್ನೇ ಬರೆದಿದ್ದರು. ನಾನು ಅರೀತಾ ಅಲ್ಲ, ಗೊತ್ತು. ಆದರೆ ಟೀಮ್ ಬದಲಾಗಿದ್ದು ಬಿಟ್ಟರೆ ನಾನೇನೂ ಬದಲಾಗಿರಲಿಲ್ಲ.

"ನೋಡಿ ಭಾವ, 'ರೆಸ್ಪೆಕ್ಟ್' ಬರೆದಿದ್ದೇ ನಿಮ್ಮ ಓಟಿಸ್, 1965ರಲ್ಲಿ. ಅವನು ಹಾಡಿದಾಗ ಅದು ದುಡಿದು ಮನೆಗೆ ಬಂದ ಗಂಡ ಮರ್ಯಾದೆ ಕೇಳೋ ಹಾಡು. ಅರೀತಾ ಅದನ್ನೇ ಹೆಂಗಸಿನ ಬಾಯಿಗೆ ಹಾಕಿಕೊಂಡು ತಿರುಗಿಸಿಬಿಟ್ಟಳು. ಈಗ ಅದು ಯಾರ ಹಾಡು?"

ಇದಕ್ಕೆ ಭಾವ ನಕ್ಕರು. ಆ ಹಾಡನ್ನು ಒಬ್ಬ ಹುಡುಗಿ ಕಿತ್ತುಕೊಂಡಳು ಅಂತ ಓಟಿಸ್ ತಾನೇ ವೇದಿಕೆ ಮೇಲೆ ತಮಾಷೆ ಮಾಡಿದ್ದನಂತೆ. ಒಂದು ಪಾಯಿಂಟ್ ನನಗೆ!

ಅಷ್ಟರಲ್ಲಿ ಅಕ್ಕ ಅಡುಗೆಮನೆ ಒರೆಸಿ ಬಂದು ಕೂತಳು. ನಾಲ್ಕು ವರ್ಷ ಈ ಹಾಡುಗಳನ್ನ ಹಿಂದಿನ ರೂಮಿನಿಂದ ಕೇಳಿದವಳು. "ಇಬ್ರೂ ಸೇರಿ ಒಂದು ಗಂಟೆಯಿಂದ ಮುಂದೆ ನಿಂತೋರ ಬಗ್ಗೆನೇ ಮಾತಾಡ್ತಿದೀರ. 'ರೆಸ್ಪೆಕ್ಟ್' ಹಾಡಲ್ಲಿ ಹಿಂದೆ ಉತ್ತರ ಕೊಡೋ ದನಿ ಯಾರದ್ದು ಹೇಳೇ?"

ನನಗೆ ಗೊತ್ತಿರಲಿಲ್ಲ.

"ಅವಳ ಅಕ್ಕ, ತಂಗಿ. ಅಕ್ಕ ಅರ್ಮಾ, ತಂಗಿ ಕ್ಯಾರಲಿನ್. ಆ ಉತ್ತರ ತೆಗೆದು ನೋಡು, ಹಾಡು ಅರ್ಧ ಖಾಲಿ."

ಅಲ್ಲಿಂದ ಅಕ್ಕ ಬಿಡಲಿಲ್ಲ. 'ಪೀಸ್ ಆಫ್ ಮೈ ಹಾರ್ಟ್' ಅಂದರೆ ಎಲ್ಲರೂ ಜ್ಯಾನಿಸ್ ಜಾಪ್ಲಿನ್ ಅಂತಾರೆ. 1967ರಲ್ಲಿ ಅದನ್ನು ಮೊದಲು ಹಾಡಿದ್ದು ಅರ್ಮಾ ಫ್ರಾಂಕ್ಲಿನ್. ಅರೀತಾಳ 1968ರ 'ಏಂಟ್ ನೋ ವೇ' ಬರೆದಿದ್ದು ಕ್ಯಾರಲಿನ್. ಆ ಹಾಡಲ್ಲಿ ಅರೀತಾಳ ದನಿಯ ಮೇಲೆ, ಆಕಾಶದಲ್ಲಿ ಗಾಳಿಪಟದ ಥರ, ಇನ್ನೊಂದು ದನಿ ತೇಲುತ್ತೆ. ಅದು ಸಿಸ್ಸಿ ಹ್ಯೂಸ್ಟನ್. ವಿಟ್ನಿಯ ಅಮ್ಮ. ಮಗಳು ಪಟ್ಟಿಯಲ್ಲಿ 2.

ಅಕ್ಕ ಅದನ್ನು ಹಾಕಿಸಿದಳು. ಮೂವರೂ ಮಾತಾಡಲಿಲ್ಲ. ಇಷ್ಟು ವರ್ಷ ಆ ಹಾಡು ನನ್ನ ಪ್ಲೇಲಿಸ್ಟಿನಲ್ಲೇ ಇತ್ತು. ಮೇಲಿನ ದನಿಯನ್ನ ಒಂದು ಸಲವೂ ಗಮನಿಸಿರಲಿಲ್ಲ. ಆವತ್ತು ಬೇರೇನೂ ಕೇಳಿಸಲಿಲ್ಲ.

ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸ್ ಬರುವಾಗ ಶೀಟ್ ತೆಗೆದೆ. ಕೆಳಗಿನ ಬಾಕ್ಸಿನಲ್ಲಿ ನಾನು ಆಗಲೇ ಒಂದು ಹೆಸರು ಹಾಕಿದ್ದೆ. ಮೀಟಿಂಗಿನಲ್ಲಿ ಬಾಯಿ ಬಿಡದ ಹುಡುಗಿ. ಡೆಮೊ ಕೊಟ್ಟಿಲ್ಲ, ಅವಳ ಹೆಸರಲ್ಲಿ ದೊಡ್ಡ ಕೆಲಸ ಯಾವುದೂ ಬಿಡುಗಡೆ ಆಗಿಲ್ಲ. ಹಾಗಂತ ಶೀಟ್ ಹೇಳುತ್ತೆ. ನಾನು ಚಾಟ್ ಹಿಂದಕ್ಕೆ ಸ್ಕ್ರೋಲ್ ಮಾಡ್ತಾ ಹೋದೆ. ನಮ್ಮ ಟೀಮಿನ 'ಸ್ಟಾರ್' ಹುಡುಗ ರಾತ್ರಿ ಹನ್ನೊಂದಕ್ಕೆ ಕೇಳಿದ ಪ್ರಶ್ನೆಗೆ ಉತ್ತರ ಅವಳದ್ದು. ಸರ್ವರ್ ಬಿದ್ದ ದಿನ ಮೊದಲು ಕಾರಣ ಹೇಳಿದ್ದು ಅವಳು. ನಾನು ಕ್ಲೈಂಟ್ ಮುಂದೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ ಸ್ಲೈಡಿನ ಲೆಕ್ಕ ತಿದ್ದಿದ್ದೂ ಅವಳೇ. ಕೇಳಿದವರಿಗೆಲ್ಲ ಉತ್ತರ ಕೊಟ್ಟಿದ್ದಾಳೆ. ಶೀಟಿನಲ್ಲಿ ಅದಕ್ಕೆ ಕಾಲಮ್ ಇಲ್ಲ.

ಕೆಳಗಿನ ಬಾಕ್ಸ್ ಖಾಲಿ ಬಿಟ್ಟು, ಯಾಕೆ ಅಂತ ಎರಡು ಪುಟ ಬರೆದು ಕಳಿಸಿದೆ. ಮ್ಯಾನೇಜರ್ "ಕರ್ವ್ ಕೂರಲ್ವಲ್ಲ, ನೋಡೋಣ" ಅಂದಿದ್ದಾರೆ. ಇದನ್ನು ಬರೆಯೋ ಹೊತ್ತಿಗೂ ನೋಡ್ತಾನೇ ಇದ್ದಾರೆ. ಒಬ್ಬರನ್ನು ಹಾಕಲೇಬೇಕು ಅಂತ ಒತ್ತಾಯ ಬಂದರೆ ಏನು ಮಾಡ್ತೀನೋ ಗೊತ್ತಿಲ್ಲ. ಆ ಹುಡುಗಿಗೆ ಮಾತ್ರ ನೇರವಾಗಿ ಹೇಳಿದೆ, "ಹೋದ ಆರು ತಿಂಗಳು ನಾನು ಸರಿಯಾಗಿ ನೋಡಿಲ್ಲ, ಸಾರಿ" ಅಂತ. ಅವಳು "ಪರವಾಗಿಲ್ಲ ಮೇಡಂ" ಅಂತ ಎರಡೇ ಪದ ಅಂದಳು. ಆದರೆ ಮಾರನೇ ದಿನ ಮುಂದಿನ ಡೆಮೊ ತಾನು ಕೊಡಲಾ ಅಂತ ಮೆಸೇಜ್ ಹಾಕಿದಳು.

ಹಾಗಾದರೆ ನಂಬರ್ ಒನ್ ಯಾರು? ಎಲ್ಲರೂ ಸಮಾನರು ಅಂತ ಜಾರಿಕೊಳ್ಳೋದು ನನಗೆ ಇಷ್ಟ ಇಲ್ಲ. ನನಗೆ ಈಗಲೂ ಅರೀತಾನೇ. ಆದರೆ ಕಾರಣ ಬದಲಾಗಿದೆ. ಮೊದಲು ಅವಳ ಕಂಠ ಎಲ್ಲರಿಗಿಂತ ಮೇಲೆ ಹೋಗುತ್ತೆ ಅಂತ ಹೇಳ್ತಿದ್ದೆ. ಈಗ, ಅಕ್ಕ-ತಂಗಿ ಮತ್ತು ಸಿಸ್ಸಿ ಹಾಡುವಾಗ ತಾನು ಎಲ್ಲಿ ಜಾಗ ಬಿಡಬೇಕು ಅಂತ ಅವಳಿಗೆ ಗೊತ್ತಿತ್ತು ಅನ್ನೋದಕ್ಕೆ. ಎರಡರಿಂದ ಹತ್ತರವರೆಗೆ ನನ್ನ ಪಟ್ಟಿ ಖಾಲಿ ಇದೆ. ಭಾವ ಓಟಿಸ್ ಅಂತಲೇ ಇದ್ದಾರೆ, ಇರಲಿ. ಅಮ್ಮನ ಪ್ರಕಾರ ಇಬ್ಬರೂ ಸೋತೆವು.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ಏಂಟ್ ನೋ ವೇ' ಎರಡು ಸಲ ಕೇಳಿ. ಮೊದಲನೇ ಸಲ ಅರೀತಾಳನ್ನ ಕೇಳಿ. ಎರಡನೇ ಸಲ ಅವಳನ್ನು ಬಿಟ್ಟು ಉಳಿದವರನ್ನ ಕೇಳಿ. ಆಮೇಲೆ ನಿಮ್ಮ ಪಟ್ಟಿ ನನಗೆ ಕಳಿಸಿ, ಭಾವನ ಜೊತೆ ಮುಂದಿನ ಜಗಳಕ್ಕೆ ಬೇಕು.